ರಾತ್ರಿ ತಾನಾಗಿ ಫೈಲ್ ಕಳಿಸುವ ಸ್ಕ್ರಿಪ್ಟ್: ಎಸ್‌ಸಿಪಿ, ಎಸ್‌ಎಫ್‌ಟಿಪಿ, ಆರ್‌ಸಿಂಕ್, ಎಕ್ಸ್‌ಪೆಕ್ಟ್, ಕರ್ಮಿಟ್‌ಗಳಲ್ಲಿ ಯಾವುದು ನಿಮಗೆ?

ದೂರದ ಸರ್ವರಿಗೆ ಟರ್ಮಿನಲ್‌ನಿಂದ ಒಂದು ಫೈಲ್ ಕಳಿಸುವುದು ಯಾರಿಗೂ ಕಷ್ಟವಲ್ಲ. ಒಂದು ಸಾಲಿನ ಕಮಾಂಡ್, ಒಂದು ಪಾಸ್‌ವರ್ಡ್, ಮುಗೀತು. ಅದೇ ಕೆಲಸ ದಿನಾ ರಾತ್ರಿ ತಾನಾಗಿ ಆಗಬೇಕು ಅಂದಾಗ ಲೆಕ್ಕವೇ ಬದಲಾಗುತ್ತದೆ. ಆಗ ಕೀಬೋರ್ಡ್ ಮುಂದೆ ಯಾರೂ ಇರುವುದಿಲ್ಲ. ನಡುವೆ ನೆಟ್ ಹೋಗುತ್ತದೆ. ಆ ಕಡೆಯ ಡಿಸ್ಕ್ ತುಂಬಿಕೊಳ್ಳುತ್ತದೆ. ಯಾರೋ ಪಾಸ್‌ವರ್ಡ್ ಬದಲಿಸಿರುತ್ತಾರೆ. ಬೆಳಿಗ್ಗೆ ಬಂದು ನೋಡಿದರೆ ಫೈಲ್ ಹೋಗಿದೆಯೋ ಇಲ್ಲವೋ, ಹೋಗಿದ್ದರೆ ಪೂರ್ತಿ ಹೋಗಿದೆಯೋ ಅಂತ ಯಾರೂ ಗಟ್ಟಿಯಾಗಿ ಹೇಳುವ ಹಾಗಿರುವುದಿಲ್ಲ.

ಹೀಗೆ ಫೈಲ್ ಸಾಗಿಸುವ ಸಾಧನಗಳನ್ನು ಹೋಲಿಸುವಾಗ ಎಲ್ಲರೂ ಮೊದಲು ವೇಗ ನೋಡುತ್ತಾರೆ. ನನ್ನ ಮಟ್ಟಿಗೆ ವೇಗ ಕೊನೆಯ ಮಾತು. ನಾನು ಮೊದಲು ಕೇಳುವುದು ಬೇರೆ. ಅರ್ಧಕ್ಕೆ ನಿಂತರೆ ಆ ಕಡೆ ಏನು ಉಳಿದಿರುತ್ತದೆ? ಕೆಲಸ ಕೆಟ್ಟಿತು ಅಂತ ನನ್ನ ಸ್ಕ್ರಿಪ್ಟಿಗೆ ನಿಜ ಹೇಳುತ್ತದಾ? ಮತ್ತೆ ಓಡಿಸಿದರೆ ಬಿಟ್ಟಲ್ಲಿಂದ ಹಿಡಿಯುತ್ತದಾ, ಇಲ್ಲಾ ಮೊದಲಿಂದ ಶುರು ಮಾಡುತ್ತದಾ?

ಮೊದಲ ಪ್ರಶ್ನೆ ಎಷ್ಟು ಮುಖ್ಯ ನೋಡಿ. ದಿನದ ಲೆಕ್ಕದ ಒಂದು ಸಿಎಸ್‌ವಿ ಫೈಲ್ ಇದೆ, 40,000 ಸಾಲು. 26,000ನೇ ಸಾಲು ಮುಗಿದ ಹೊತ್ತಿಗೆ ಸಂಪರ್ಕ ಕಡಿಯಿತು. ಆ ಕಡೆ ಉಳಿದ ತುಂಡು ಕೂಡ ನೋಡಲು ಸರಿಯಾದ ಸಿಎಸ್‌ವಿಯೇ. ಅದನ್ನು ಎತ್ತಿಕೊಳ್ಳುವ ಪ್ರೋಗ್ರಾಂ ತಕರಾರಿಲ್ಲದೆ ಓದುತ್ತದೆ, ಡೇಟಾಬೇಸಿಗೆ ತುಂಬುತ್ತದೆ, ‘ಯಶಸ್ವಿ’ ಅಂತ ಲಾಗ್ ಬರೆಯುತ್ತದೆ. ಉಳಿದ 14,000 ಸಾಲು ಎಲ್ಲಿ ಅಂತ ಗೊತ್ತಾಗುವುದು ತಿಂಗಳ ಕೊನೆಗೆ ಮೊತ್ತ ತಾಳೆಯಾಗದಿದ್ದಾಗ. ಫೈಲ್ ಹೋಗದೇ ಇದ್ದಿದ್ದರೆ ಮರುದಿನವೇ ಗೊತ್ತಾಗುತ್ತಿತ್ತು. ಅರ್ಧ ಹೋಗಿದ್ದೇ ತೊಂದರೆ.

ಯಾವುದನ್ನು ಆರಿಸಿದರೂ ಮೊದಲು ಮಾಡಬೇಕಾದ್ದು

ಈಗಿನ ಬಹುತೇಕ ದಾರಿಗಳು ಎಸ್‌ಎಸ್‌ಎಚ್ ಮೇಲೆಯೇ ಓಡುತ್ತವೆ, ಅಂದರೆ ದೂರದ ಯಂತ್ರದ ಜೊತೆ ಗೂಢಲಿಪಿಯಲ್ಲಿ ಮಾತಾಡುವ ಸಂಪರ್ಕದ ಮೇಲೆ. ಎಸ್‌ಎಸ್‌ಎಚ್ ಹುಟ್ಟಿದ್ದಕ್ಕೆ ಪಾಸ್‌ವರ್ಡ್ ಕಳ್ಳತನವೇ ಕಾರಣ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡುಗಳನ್ನು ಹಿಡಿಯುತ್ತಿದ್ದರು. ಅದನ್ನು ನೋಡಿ ಅಲ್ಲಿನ ತಾತು ಯ್ಲೊನೆನ್ ಇದನ್ನು ಬರೆದರು. ಹಾಗಾಗಿ ಸ್ಕ್ರಿಪ್ಟಿನೊಳಗೆ ಪಾಸ್‌ವರ್ಡ್ ಬರೆದಿಟ್ಟು ಎಸ್‌ಎಸ್‌ಎಚ್ ಬಳಸಿದರೆ ಅದರ ಉದ್ದೇಶವನ್ನೇ ಬಿಟ್ಟ ಹಾಗೆ.

ಈ ಕೆಲಸಕ್ಕೆ ಅಂತಲೇ ಒಂದು ಬೇರೆ ಕೀ (ಪಾಸ್‌ವರ್ಡ್ ಬದಲು ನಿಮ್ಮ ಗುರುತು ಹೇಳುವ ಫೈಲ್) ಮಾಡಿ. ನಿಮ್ಮ ಸ್ವಂತ ಕೀಯನ್ನು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಕೈಗೆ ಕೊಡಬೇಡಿ. ರಾತ್ರಿ ಪಾಸ್‌ಫ್ರೇಸ್ ಹೊಡೆಯಲು ಯಾರೂ ಇರುವುದಿಲ್ಲ, ಹಾಗಾಗಿ ಈ ಕೀಗೆ ಪಾಸ್‌ಫ್ರೇಸ್ ಇಡಲು ಆಗುವುದಿಲ್ಲ. ಅದರ ಬದಲಿಗೆ ಸರ್ವರ್ ಕಡೆಯಿಂದ ಅದರ ಕೈ ಕಟ್ಟಿ. ಒಪ್ಪಿದ ಕೀಗಳ ಪಟ್ಟಿ ಇರುವ ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀ ಇರುವ ಸಾಲಿನ ಮುಂದೆ ‘ರಿಸ್ಟ್ರಿಕ್ಟ್’ ಅಂತ ಬರೆದರೆ ಪೋರ್ಟ್ ಫಾರ್ವರ್ಡಿಂಗ್, ಏಜೆಂಟ್ ಫಾರ್ವರ್ಡಿಂಗ್, ಟರ್ಮಿನಲ್ ಎಲ್ಲ ಬಂದ್. ಜೊತೆಗೆ ‘ಕಮಾಂಡ್’ ಅಂತ ಕೊಟ್ಟು ಒಂದೇ ಕೆಲಸಕ್ಕೆ ಕಟ್ಟಿಹಾಕಬಹುದು. ‘ಫ್ರಂ’ ಅಂತ ಕೊಟ್ಟು ಇಂಥ ಐಪಿಯಿಂದ ಮಾತ್ರ ಅಂತಲೂ ಹೇಳಬಹುದು. ಕೀ ಕಳುವಾದರೂ ಕಳ್ಳನಿಗೆ ಆ ಒಂದು ಫೋಲ್ಡರ್ ಬಿಟ್ಟು ಬೇರೇನೂ ಸಿಗಬಾರದು.

ಇನ್ನು ಹೋಸ್ಟ್ ಕೀ, ಅಂದರೆ ಸರ್ವರಿನ ಗುರುತು. ಮೊದಲ ಸಲ ಸಂಪರ್ಕಿಸಿದಾಗ ‘ಈ ಸರ್ವರನ್ನು ನಂಬಬಹುದಾ’ ಅಂತ ಎಸ್‌ಎಸ್‌ಎಚ್ ಕೇಳುತ್ತದೆ. ಕ್ರಾನಿನಲ್ಲಿ ಉತ್ತರ ಕೊಡುವವರಿಲ್ಲ. ಅದಕ್ಕೆ ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್ ಅನ್ನು ‘ನೋ’ ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮಧ್ಯದಲ್ಲಿ ಬೇರೆ ಯಂತ್ರ ಬಂದು ಕೂತರೂ ನಿಮ್ಮ ಸ್ಕ್ರಿಪ್ಟ್ ಅದರ ಕೈಗೇ ಫೈಲ್ ಕೊಡುತ್ತದೆ. ಸರ್ವರಿನ ಕೀಯನ್ನು ಒಂದು ಸಲ ಕೈಯಾರೆ ತಾಳೆ ನೋಡಿ ನೋನ್ ಹೋಸ್ಟ್ಸ್ ಫೈಲಿಗೆ ಹಾಕಿ. ಅದೂ ಆಗದಿದ್ದರೆ ‘ಆಕ್ಸೆಪ್ಟ್ ನ್ಯೂ’ ಅನ್ನುವ ಆಯ್ಕೆ ಇದೆ, 2017ರ ಓಪನ್‌ಎಸ್‌ಎಸ್‌ಎಚ್ 7.6ರಿಂದ ಬಂದಿದೆ. ಹೊಸ ಸರ್ವರನ್ನು ಒಪ್ಪುತ್ತದೆ, ಗುರುತು ಬದಲಾದ ಹಳೆಯ ಸರ್ವರನ್ನು ಒಪ್ಪುವುದಿಲ್ಲ.

ಇದರ ಜೊತೆ ಬ್ಯಾಚ್ ಮೋಡ್ ಹಾಕಿ, ಕನೆಕ್ಟ್ ಟೈಮ್‌ಔಟ್ ಕೊಡಿ, ಸರ್ವರ್ ಅಲೈವ್ ಇಂಟರ್ವಲ್ ಕೊಡಿ. ಬ್ಯಾಚ್ ಮೋಡ್ ಇದ್ದರೆ ಕೀ ಕೆಲಸ ಮಾಡದಿದ್ದಾಗ ಪಾಸ್‌ವರ್ಡ್ ಕೇಳುತ್ತಾ ಕೂರದೆ ತಕ್ಷಣ ಸೋತು ಹೊರಬರುತ್ತದೆ. ನಮಗೆ ಬೇಕಾದ್ದೂ ಅದೇ.

ಇನ್ನೊಂದು ಸಣ್ಣ ವಿಷಯ. ಇದು ಎಷ್ಟೋ ಜನರ ತಲೆ ತಿಂದಿದೆ. ಸರ್ವರಿನಲ್ಲಿ ಶೆಲ್ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಶುರುವಾದಾಗ ಓದುವ ಬ್ಯಾಷ್‌ಆರ್‌ಸಿ ಫೈಲಿನೊಳಗೆ ಯಾರೋ ಚೆಂದಕ್ಕೆ ಅಂತ ‘ವೆಲ್ಕಮ್’ ಅಂತ ಎಕೋ ಮಾಡಿರುತ್ತಾರೆ. ಕೈಯಾರೆ ಲಾಗಿನ್ ಆದರೆ ಎಲ್ಲ ಸರಿ. ಎಸ್‌ಎಫ್‌ಟಿಪಿ ಮಾತ್ರ ‘1466264675, ಸಂದೇಶ ತುಂಬಾ ಉದ್ದವಾಯಿತು’ ಅಂತ ಹೇಳಿ ನಿಂತುಬಿಡುತ್ತದೆ. ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಎಸ್‌ಎಫ್‌ಟಿಪಿ ಮೊದಲ 4 ಬೈಟನ್ನು ಪ್ಯಾಕೆಟ್ಟಿನ ಉದ್ದ ಅಂತ ಓದುತ್ತದೆ. ಆ ಇಂಗ್ಲಿಷ್ ಪದದ ಮೊದಲ ನಾಲ್ಕು ಅಕ್ಷರಗಳ ಬೈಟುಗಳನ್ನು ಸೇರಿಸಿ ಒಂದು ಸಂಖ್ಯೆ ಮಾಡಿದರೆ ಬರುವುದೇ ಇದು. ಆರ್‌ಸಿಂಕ್ ಆದರೆ ‘ನಿಮ್ಮ ಶೆಲ್ ಶುದ್ಧವಾಗಿದೆಯಾ’ ಅಂತ ನೇರವಾಗಿಯೇ ಕೇಳುತ್ತದೆ. ಶೆಲ್ ಸದ್ದು ಮಾಡದ ಹಾಗೆ ನೋಡಿಕೊಳ್ಳಿ, ಎರಡೂ ಸರಿಹೋಗುತ್ತವೆ.

ಹಳೆಯ ಎಫ್‌ಟಿಪಿ

ಎಫ್‌ಟಿಪಿಯ ಮೊದಲ ಕರಡು ಬರೆದದ್ದು ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್, 1971ರಲ್ಲಿ. ಅಷ್ಟು ಹಿಂದೆ ಮಾಡಿದ್ದು ಇಷ್ಟು ಕಾಲ ಬಾಳಿದ್ದು ದೊಡ್ಡ ಸಂಗತಿಯೇ. ಆದರೆ ಇವತ್ತು ಹೊಸ ಸ್ಕ್ರಿಪ್ಟಿಗೆ ಅದು ಬೇಡ. ಪಾಸ್‌ವರ್ಡ್ ಬಿಚ್ಚಿಟ್ಟು ಹೋಗುತ್ತದೆ. ಆಸ್ಕಿ ಮೋಡಿನಲ್ಲಿ ಸಿಕ್ಕಿಬಿದ್ದರೆ ಜಿಪ್ ಫೈಲ್ ಕೆಡುತ್ತದೆ. ಹಳೆಯ ಕಮಾಂಡ್ ಲೈನ್ ಎಫ್‌ಟಿಪಿ ಪ್ರೋಗ್ರಾಂ ಫೈಲ್ ಹೋಗದಿದ್ದರೂ ಎಕ್ಸಿಟ್ ಕೋಡ್ (ಕೆಲಸ ಆಯಿತೋ ಇಲ್ಲವೋ ಅಂತ ಪ್ರೋಗ್ರಾಂ ಮುಗಿಯುವಾಗ ಕೊಡುವ ಸಂಖ್ಯೆ) 0, ಅಂದರೆ ‘ಎಲ್ಲ ಸರಿ’, ಕೊಟ್ಟು ಹೊರಬರುವುದುಂಟು. ಅಂದರೆ ನಮ್ಮ ಎರಡನೇ ಪ್ರಶ್ನೆಗೇ ಸುಳ್ಳು ಉತ್ತರ. ಆ ಕಡೆಯವರು ಎಫ್‌ಟಿಪಿ ಬಿಟ್ಟು ಬೇರೇನೂ ಕೊಡುವುದಿಲ್ಲ ಅಂದರೆ ಆ ಹಳೆಯ ಪ್ರೋಗ್ರಾಂ ಬದಲು ಎಲ್‌ಎಫ್‌ಟಿಪಿ ಬಳಸಿ, ಟಿಎಲ್‌ಎಸ್ ಗೂಢಲಿಪಿ ಕೇಳಿ ಪಡೆಯಿರಿ. ಅದರ ಮಿರರ್ ಕಮಾಂಡ್ ಚೆನ್ನಾಗಿದೆ. ತಾನಾಗಿ ಮರುಪ್ರಯತ್ನವನ್ನೂ ಮಾಡುತ್ತದೆ.

ಎಸ್‌ಸಿಪಿ: ಒಂದು ಸಲದ ಕೆಲಸಕ್ಕೆ

ಎಲ್ಲರ ಕೈಗೆ ಮೊದಲು ಬರುವುದು ಎಸ್‌ಸಿಪಿ. ಸುಲಭ, ಎಲ್ಲ ಕಡೆ ಇರುತ್ತದೆ, ಎಕ್ಸಿಟ್ ಕೋಡ್ ಸರಿಯಾಗಿ ಕೊಡುತ್ತದೆ. ಆದರೆ ಅರ್ಧಕ್ಕೆ ನಿಂತರೆ ಆ ಅರ್ಧ ಫೈಲ್ ಕೊನೆಯ ಹೆಸರಲ್ಲೇ ಅಲ್ಲಿ ಉಳಿಯುತ್ತದೆ. ಮುಂದುವರಿಸುವ ಸೌಲಭ್ಯ ಇಲ್ಲ. 2 ಜಿಬಿ ಫೈಲ್ 1.9 ಜಿಬಿಗೆ ನಿಂತರೆ ಮತ್ತೆ ಸೊನ್ನೆಯಿಂದ.

ಜೊತೆಗೆ ಇದರೊಳಗೆ ಒಂದು ದೊಡ್ಡ ಬದಲಾವಣೆ ಆಗಿದೆ. ಹಳೆಯ ಎಸ್‌ಸಿಪಿ ಪ್ರೋಟೋಕಾಲ್ ಬಿಎಸ್‌ಡಿಯ ಆರ್‌ಸಿಪಿಯಿಂದ ಬಂದದ್ದು. ಅದು ಹಳತಾಗಿದೆ, ಸುಲಭಕ್ಕೆ ಸರಿಪಡಿಸಲು ಆಗುವುದಿಲ್ಲ ಅಂತ ಓಪನ್‌ಎಸ್‌ಎಸ್‌ಎಚ್ ತಂಡವೇ 2019ರಲ್ಲಿ ಹೇಳಿತು. 2022ರ ಏಪ್ರಿಲ್‌ನಲ್ಲಿ ಬಂದ 9.0ರಿಂದ ಎಸ್‌ಸಿಪಿ ಕಮಾಂಡ್ ಒಳಗೊಳಗೇ ಎಸ್‌ಎಫ್‌ಟಿಪಿ ಪ್ರೋಟೋಕಾಲನ್ನೇ ಬಳಸುತ್ತದೆ. ಹೆಸರು ಅದೇ, ಒಳಗಿನ ಮಾತು ಬೇರೆ.

ಇದರಿಂದ ಒಂದು ಸಮಸ್ಯೆ ಹುಟ್ಟಿತು. ಎಷ್ಟೋ ಸ್ವಿಚ್ಚು, ರೂಟರುಗಳಲ್ಲಿ ಎಸ್‌ಎಫ್‌ಟಿಪಿ ಇರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರಿನಲ್ಲಿ ಡ್ರಾಪ್‌ಬೇರ್ ಅನ್ನುವ ಪುಟ್ಟ ಎಸ್‌ಎಸ್‌ಎಚ್ ಸರ್ವರ್ ಇರುತ್ತದೆ, ಎಸ್‌ಎಫ್‌ಟಿಪಿ ಸರ್ವರನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ವರ್ಷಗಟ್ಟಲೆ ಓಡುತ್ತಿದ್ದ ಬ್ಯಾಕಪ್ ಸ್ಕ್ರಿಪ್ಟ್ ಲ್ಯಾಪ್‌ಟಾಪ್ ಅಪ್‌ಡೇಟ್ ಆದ ಮರುದಿನ ನಿಂತಿತು ಅಂದರೆ ಮೊದಲು ಇದನ್ನೇ ನೋಡಿ. ಇಂಗ್ಲಿಷಿನ ದೊಡ್ಡ ‘ಓ’ ಅಕ್ಷರದ ಆಯ್ಕೆ ಕೊಟ್ಟರೆ ಹಳೆಯ ಪ್ರೋಟೋಕಾಲಿಗೆ ಮರಳುತ್ತದೆ. ಸಣ್ಣ ‘ಓ’ ಬೇರೆಯೇ ಕೆಲಸದ್ದು, ಗಮನಿಸಿ.

ದಿನನಿತ್ಯದ ಸ್ಕ್ರಿಪ್ಟಿಗೆ ನಾನು ಎಸ್‌ಸಿಪಿ ಹೇಳುವುದಿಲ್ಲ. ಸಣ್ಣ ಕಾನ್ಫಿಗ್ ಫೈಲ್ ಎತ್ತಿಕೊಂಡು ಬರುವುದಕ್ಕೆ ಸಾಕು.

ಎಸ್‌ಎಫ್‌ಟಿಪಿ ಬ್ಯಾಚ್: ಬೇರೆಯವರ ಸರ್ವರಿಗೆ ಕಳಿಸುವಾಗ

ಬ್ಯಾಂಕು, ಸರಬರಾಜುದಾರರು, ಬೇರೆ ಕಂಪನಿ ಹೀಗೆ ನಿಮ್ಮ ಹಿಡಿತದಲ್ಲಿ ಇಲ್ಲದ ಸರ್ವರಿಗೆ ಕಳಿಸಬೇಕಾದಾಗ ಸಾಮಾನ್ಯವಾಗಿ ಸಿಗುವುದು ಎಸ್‌ಎಫ್‌ಟಿಪಿ ಮಾತ್ರ. ಅವರು ಶೆಲ್ ಕೊಡುವುದಿಲ್ಲ, ಕೊಡಲೂಬಾರದು. ಒಂದು ಫೋಲ್ಡರಿನೊಳಗೆ ಕೂಡಿಹಾಕಿ ಇಷ್ಟೇ ಜಾಗ ನಿಮ್ಮದು ಅನ್ನುತ್ತಾರೆ. ಇಂಥ ಕಡೆ ಎಸ್‌ಎಫ್‌ಟಿಪಿಯೇ ಸರಿ, ಬೇರೆ ಹುಡುಕಬೇಡಿ.

ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಒಂದು ಫೈಲಿನಲ್ಲಿ ಬರೆದು ಸಣ್ಣ ‘ಬಿ’ ಆಯ್ಕೆಯಲ್ಲಿ ಕೊಟ್ಟರೆ ಅದೇ ಬ್ಯಾಚ್. ಇದರ ನಡವಳಿಕೆ ನನಗೆ ತುಂಬಾ ಇಷ್ಟ. ಪುಟ್ (ಕಳಿಸು), ಗೆಟ್ (ತರು), ರಿನೇಮ್ (ಹೆಸರು ಬದಲಿಸು), ಎಂಕೆಡೈರ್ (ಫೋಲ್ಡರ್ ಮಾಡು) ಇವುಗಳಲ್ಲಿ ಯಾವುದೇ ಒಂದು ಸೋತರೂ ಅಲ್ಲೇ ನಿಲ್ಲುತ್ತದೆ, ಸೊನ್ನೆ ಅಲ್ಲದ ಎಕ್ಸಿಟ್ ಕೋಡ್ ಕೊಡುತ್ತದೆ. ಮುಂದಿನ ಸಾಲಿಗೆ ಹೋಗುವುದೇ ಇಲ್ಲ. ಸೋತರೂ ಪರವಾಗಿಲ್ಲ ಅನ್ನುವ ಸಾಲಿನ ಮುಂದೆ ಒಂದು ಮೈನಸ್ ಗುರುತು ಹಾಕಿದರಾಯಿತು. ಎಂಕೆಡೈರ್ ಮುಂದೆ ಇದು ಬೇಕೇ ಬೇಕು. ಫೋಲ್ಡರ್ ಆಗಲೇ ಇದ್ದರೆ ಆ ಕಮಾಂಡ್ ಸೋಲುತ್ತದೆ. ಮೊದಲ ದಿನ ಓಡಿದ ಸ್ಕ್ರಿಪ್ಟ್ ಎರಡನೇ ದಿನ ನಿಲ್ಲುವುದಕ್ಕೆ ಇದೇ ಕಾರಣ ಆಗಿರುತ್ತದೆ.

ಅರ್ಧ ಫೈಲಿನ ಸಮಸ್ಯೆ ಇಲ್ಲೂ ಇದೆ. ಪುಟ್ ನೇರವಾಗಿ ಕೊನೆಯ ಹೆಸರಿಗೇ ಬರೆಯುತ್ತದೆ. ಪರಿಹಾರ ಹಳೆಯದು, ಗಟ್ಟಿಯಾದದ್ದು. ಮೊದಲು ತಾತ್ಕಾಲಿಕ ಹೆಸರಲ್ಲಿ ಕಳಿಸಿ, ಉದಾಹರಣೆಗೆ ಹೆಸರಿನ ಕೊನೆಗೆ ‘ಪಾರ್ಟ್’ ಅಂತ ಸೇರಿಸಿ. ಅದರ ಕೆಳಗಿನ ಸಾಲಿನಲ್ಲಿ ರಿನೇಮ್ ಮಾಡಿ. ಪುಟ್ ಸೋತರೆ ಬ್ಯಾಚ್ ಅಲ್ಲೇ ನಿಲ್ಲುವುದರಿಂದ ರಿನೇಮ್ ತನಕ ಬರುವುದೇ ಇಲ್ಲ. ಆ ಕಡೆಯ ಪ್ರೋಗ್ರಾಮಿಗೆ ಕಾಣುವುದು ಒಂದೋ ಪೂರ್ತಿ ಫೈಲ್, ಇಲ್ಲವೇ ಏನೂ ಇಲ್ಲ. ಎರಡೇ ಸಾಲಿನ ಕೆಲಸ. ನೀವು ಈ ಲೇಖನದಿಂದ ಒಂದೇ ಒಂದು ಅಭ್ಯಾಸ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ಆ ಕಡೆಯವರಿಗೂ ಮೊದಲೇ ತಿಳಿಸಿ: ‘ಪಾರ್ಟ್’ ಅಂತ ಕೊನೆಯಾಗುವ ಫೈಲುಗಳನ್ನು ಮುಟ್ಟಬೇಡಿ ಅಂತ.

ನಿಂತಲ್ಲಿಂದ ಮುಂದುವರಿಸಲು ರೀಪುಟ್, ರೀಗೆಟ್ ಇವೆ. ಆದರೆ ಅವು ನೋಡುವುದು ಗಾತ್ರ ಮಾತ್ರ. ಈ ಮಧ್ಯೆ ಮೂಲ ಫೈಲ್ ಬದಲಾಗಿದ್ದರೆ ಹಳೆಯದರ ತಲೆಗೆ ಹೊಸದರ ಬಾಲ ಅಂಟುತ್ತದೆ. ದಿನಾ ಹೊಸ ಹೆಸರಿನ ಫೈಲ್ ಆದರೆ ಬಳಸಿ. ಅದೇ ಹೆಸರು ಮೇಲೆ ಮೇಲೆ ಬರೆಯುವುದಾದರೆ ಬೇಡ.

ಆರ್‌ಸಿಂಕ್: ಎರಡೂ ಕಡೆ ನಿಮ್ಮದೇ ಆಗಿದ್ದರೆ

ಎರಡೂ ತುದಿಯ ಯಂತ್ರ ನಿಮ್ಮ ಕೈಯಲ್ಲಿದೆ, ಎರಡರಲ್ಲೂ ಆರ್‌ಸಿಂಕ್ ಹಾಕಬಹುದು ಅಂದರೆ ಜಾಸ್ತಿ ಯೋಚಿಸಬೇಡಿ. ಇದನ್ನೇ ತಗೊಳ್ಳಿ. 1996ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಜೆಲ್, ಪಾಲ್ ಮ್ಯಾಕೆರಾಸ್ ಇದನ್ನು ಹೊರತಂದರು. ನಿಧಾನದ ಸಂಪರ್ಕದ ಮೇಲೆ, ಆ ಕಡೆ ಈಗಾಗಲೇ ಇರುವ ಹಳೆಯ ಪ್ರತಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳಿಸುವುದು ಹೇಗೆ ಅನ್ನುವುದು ಅವರ ಪ್ರಶ್ನೆಯಾಗಿತ್ತು. ಪಡೆಯುವ ಕಡೆ ಹಳೆಯ ಫೈಲನ್ನು ತುಂಡು ಮಾಡಿ ಪ್ರತಿ ತುಂಡಿನ ಚೆಕ್‌ಸಮ್ (ಒಳಗಿನ ಬೈಟುಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಕಳಿಸುತ್ತದೆ. ಕಳಿಸುವ ಕಡೆ ಹೊಸ ಫೈಲಿನ ಮೇಲೆ ಒಂದೊಂದೇ ಬೈಟ್ ಸರಿಯುತ್ತಾ ಆ ತುಂಡುಗಳು ಎಲ್ಲಿ ಸಿಗುತ್ತವೆ ಅಂತ ಹುಡುಕುತ್ತದೆ. ಸಿಕ್ಕಿದ್ದನ್ನು ಕಳಿಸುವ ಗೋಜಿಲ್ಲ.

ಇದು ಕೊನೆಗೆ ಸೇರುತ್ತಾ ಹೋಗುವ ಲಾಗಿಗೆ, ಡೇಟಾಬೇಸ್ ಡಂಪಿಗೆ ತುಂಬಾ ಲಾಭ. ಜಿಜಿಪ್ ಮಾಡಿದ ಫೈಲಿಗೆ ಲಾಭವೇ ಇಲ್ಲ. ಮೊದಲ ಪುಟದಲ್ಲಿ ಒಂದು ಅಕ್ಷರ ಬದಲಾದರೂ ಕುಗ್ಗಿಸಿದ ಮೇಲೆ ಮುಂದಿನದೆಲ್ಲ ಬೇರೆಯಾಗಿ ಕಾಣುತ್ತದೆ. ಹಾಗಿದ್ದರೆ ಕುಗ್ಗಿಸದೆ ಕಳಿಸಿ, ಇಲ್ಲವೇ ಜಿಜಿಪ್‌ನ ‘ಆರ್‌ಸಿಂಕಬಲ್’ ಆಯ್ಕೆ ಬಳಸಿ.

ಆದರೆ ನನಗೆ ಆರ್‌ಸಿಂಕ್ ಇಷ್ಟವಾಗಲು ವೇಗ ಕಾರಣವಲ್ಲ. ಮೇಲೆ ನಾವು ಕೈಯಾರೆ ಮಾಡಿದ ತಾತ್ಕಾಲಿಕ ಹೆಸರಿನ ಕೆಲಸವನ್ನು ಇದು ಹುಟ್ಟಿನಿಂದಲೇ ಮಾಡುತ್ತದೆ. ಫೈಲ್ ಬರುತ್ತಿರುವಾಗ ಚುಕ್ಕೆಯಿಂದ ಶುರುವಾಗುವ ಅಡಗಿದ ಹೆಸರಲ್ಲಿ ಬರೆಯುತ್ತದೆ, ಪೂರ್ತಿಯಾದ ಮೇಲೆ ಸರಿಯಾದ ಹೆಸರಿಗೆ ತರುತ್ತದೆ. ನಡುವೆ ನಿಂತರೆ ಆ ತುಂಡನ್ನು ಅಳಿಸಿಬಿಡುತ್ತದೆ.

ಇಲ್ಲೊಂದು ಗುಂಡಿ ಇದೆ. ‘ಮುಂದುವರಿಸಲು ಪಾರ್ಶಿಯಲ್ ಆಯ್ಕೆ ಹಾಕಿ’ ಅನ್ನುವ ಸಲಹೆಯನ್ನು ನೀವು ಕೇಳಿರುತ್ತೀರಿ. ಬರೀ ಪಾರ್ಶಿಯಲ್ ಹಾಕಿದರೆ ಕಡಿದುಹೋದ ತುಂಡು ಕೊನೆಯ ಹೆಸರಲ್ಲೇ ಕೂರುತ್ತದೆ. ಅಂದರೆ ಆ 26,000 ಸಾಲಿನ ಸಿಎಸ್‌ವಿ ಕಥೆ ಮತ್ತೆ ಶುರು. ಹಾಕಬೇಕಾದ್ದು ‘ಪಾರ್ಶಿಯಲ್ ಡೈರ್’. ತುಂಡು ಬೇರೆ ಫೋಲ್ಡರಿನಲ್ಲಿ ಇರುತ್ತದೆ, ಮುಂದಿನ ಸಲ ಅಲ್ಲಿಂದ ಹಿಡಿದು ಮುಗಿಸುತ್ತದೆ. ‘ಇನ್‌ಪ್ಲೇಸ್’, ‘ಅಪೆಂಡ್’ ಆಯ್ಕೆಗಳೂ ಕೊನೆಯ ಹೆಸರಿಗೇ ನೇರ ಬರೆಯುತ್ತವೆ. ಬೇರೆ ಪ್ರೋಗ್ರಾಂ ಕಾದು ಕೂತಿರುವ ಫೋಲ್ಡರಿಗೆ ಅವು ಬೇಡ.

ಎಕ್ಸಿಟ್ ಕೋಡ್ ವಿಷಯದಲ್ಲಿ ಇದರಷ್ಟು ಬಿಡಿಸಿ ಹೇಳುವ ಸಾಧನ ಈ ಸಾಲಿನಲ್ಲಿ ಇನ್ನೊಂದಿಲ್ಲ. 23 ಅಂದರೆ ಕೆಲವು ಫೈಲ್ ಹೋಗಲಿಲ್ಲ. 24 ಅಂದರೆ ಪಟ್ಟಿ ಮಾಡಿದ ಮೇಲೆ ಕಳಿಸುವಷ್ಟರಲ್ಲಿ ಮೂಲ ಫೈಲೇ ಮಾಯವಾಯಿತು. 30 ಅಂದರೆ ಟೈಮ್‌ಔಟ್. 255 ಬಂದರೆ ತಪ್ಪು ಎಸ್‌ಎಸ್‌ಎಚ್ ಕಡೆಯದು. ಓಡುತ್ತಿರುವ ಸರ್ವರಿನ ಲಾಗ್ ಫೋಲ್ಡರ್ ಕಳಿಸುವಾಗ 24 ಮಾಮೂಲು, ಅದಕ್ಕೆ ಬೆಳಗಿನ ಜಾವ ಯಾರನ್ನೂ ಎಬ್ಬಿಸಬೇಕಿಲ್ಲ. 23 ಬಂದರೆ ಎಬ್ಬಿಸಬೇಕು. ಸ್ಕ್ರಿಪ್ಟಿನಲ್ಲಿ ಇವೆರಡನ್ನು ಬೇರೆ ಬೇರೆಯಾಗಿ ನೋಡಿ.

‘ಡಿಲೀಟ್’ ಆಯ್ಕೆ ಬಗ್ಗೆ ಎಚ್ಚರ. ಮೂಲದಲ್ಲಿ ಇಲ್ಲದ್ದನ್ನು ಆ ಕಡೆಯೂ ಅಳಿಸು ಅಂತ ಅರ್ಥ. ಮೂಲದ ಹಾರ್ಡ್ ಡಿಸ್ಕ್ ಆ ದಿನ ಮೌಂಟ್ ಆಗಿಲ್ಲ ಅಂದುಕೊಳ್ಳಿ. ಖಾಲಿ ಫೋಲ್ಡರ್ ಕಾಣುತ್ತದೆ. ಆರ್‌ಸಿಂಕ್ ಹೇಳಿದ ಮಾತು ಕೇಳುತ್ತದೆ, ಬ್ಯಾಕಪ್ ಪೂರ್ತಿ ಖಾಲಿ. ಅದಕ್ಕೆ ‘ಮ್ಯಾಕ್ಸ್ ಡಿಲೀಟ್’ ಅಂತ ಒಂದು ಮಿತಿ ಕೊಡಿ. ಮೂಲದಲ್ಲಿ ಗುರುತಿನ ಒಂದು ಸಣ್ಣ ಫೈಲ್ ಇಟ್ಟು, ಅದು ಕಂಡರೆ ಮಾತ್ರ ಶುರು ಮಾಡುವ ಹಾಗೆ ಬರೆಯಿರಿ. ಫೋಲ್ಡರ್ ಹೆಸರಿನ ಕೊನೆಯ ಓರೆಗೀಟನ್ನೂ ನೋಡಿಕೊಳ್ಳಿ. ಗೀಟು ಇದ್ದರೆ ಫೋಲ್ಡರಿನ ಒಳಗಿನದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೂ ಸೇರಿ ಹೋಗುತ್ತದೆ. ಡಿಲೀಟ್ ಜೊತೆ ಈ ಗೀಟು ತಪ್ಪಿದರೆ ಹಾನಿ ದೊಡ್ಡದು. ಮೊದಲು ‘ಡ್ರೈ ರನ್’ ಮಾಡಿಯೇ ನೋಡಿ.

ಆರ್‌ಸಿಂಕ್ ತನ್ನದೇ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಆಗಿ 873ನೇ ಪೋರ್ಟಿನಲ್ಲೂ ಓಡುತ್ತದೆ. ಅದನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಡೀಮನ್‌ನಲ್ಲಿದ್ದ ಗಂಭೀರ ಭದ್ರತಾ ದೋಷವೊಂದನ್ನು 2025ರ ಜನವರಿಯ 3.4.0ರಲ್ಲಿ ಸರಿಪಡಿಸಿದ್ದಾರೆ. ಎಸ್‌ಎಸ್‌ಎಚ್ ಮೇಲೆಯೇ ಓಡಿಸಿ, ಸರ್ವರ್ ಕಡೆ ಕೀಗೆ ‘ಆರ್‌ಆರ್‌ಸಿಂಕ್’ ಅನ್ನುವ ಜೊತೆಗೇ ಬರುವ ಸ್ಕ್ರಿಪ್ಟ್ ಕಟ್ಟಿ.

ಕನ್ನಡದ ಫೈಲ್ ಹೆಸರುಗಳಿದ್ದರೆ

ಇದು ನಮಗೇ ಬೇಕಾದ ಭಾಗ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಈಗ ಎಷ್ಟೋ ಕಚೇರಿಗಳಲ್ಲಿ ಇವೆ. ಇರಲೇಬೇಕು ಕೂಡ. ಕಳಿಸುವ ಸ್ಕ್ರಿಪ್ಟ್ ಅವನ್ನು ಸರಿಯಾಗಿ ನೋಡಿಕೊಳ್ಳಬೇಕು ಅಷ್ಟೇ.

ಮೊದಲು ಉದ್ದ. ಲಿನಕ್ಸಿನ ಸಾಮಾನ್ಯ ಫೈಲ್ ಸಿಸ್ಟಮ್‌ಗಳಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನಲ್ಲಿ ಅದು 255 ಅಕ್ಷರ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷೇ’ ಅನ್ನುವ ಒಂದು ಅಕ್ಷರದಲ್ಲೇ ಕ, ವಿರಾಮ, ಷ, ಏಕಾರದ ಗುರುತು ಸೇರಿ ನಾಲ್ಕು ಸಂಕೇತ, ಅಂದರೆ 12 ಬೈಟ್. ಒಟ್ಟು 85 ಸಂಕೇತಕ್ಕೆ ಹೆಸರು ಮುಗಿಯುತ್ತದೆ. ಉದ್ದದ ಹೆಸರಿಗೆ ನೀವು ‘ಪಾರ್ಟ್’ ಬಾಲ ಸೇರಿಸಿದಾಗ ಮಿತಿ ದಾಟಿ ಪುಟ್ ಸೋಲಬಹುದು. ವಿಂಡೋಸಿನಲ್ಲಿ ಲೆಕ್ಕ ಬೇರೆ ಇರುವುದರಿಂದ ಅಲ್ಲಿ ಸರಿ ಇದ್ದ ಹೆಸರು ಇಲ್ಲಿ ಹಿಡಿಸದೇ ಹೋಗಬಹುದು.

ಆಮೇಲೆ ಲಾಗ್. ಕ್ರಾನಿನಲ್ಲಿ ಓಡುವಾಗ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ಯುಟಿಎಫ್-8 ಆಗಿರದೇ ಇರುವುದು ಸಾಮಾನ್ಯ. ಆಗ ಆರ್‌ಸಿಂಕ್ ಲಾಗಿನಲ್ಲಿ ಕನ್ನಡದ ಹೆಸರಿನ ಬದಲು ಓರೆಗೀಟು, ಹ್ಯಾಶ್ ಗುರುತುಗಳ ಜೊತೆ 340, 262 ಅನ್ನುವ ಸಂಖ್ಯೆಗಳ ಸಾಲು ಕಾಣುತ್ತದೆ. ಹೆದರಬೇಡಿ, ಫೈಲ್ ಹೆಸರು ಕೆಟ್ಟಿಲ್ಲ. ಬೈಟುಗಳನ್ನು ಆಕ್ಟಲ್‌ನಲ್ಲಿ ತೋರಿಸುತ್ತಿದೆ ಅಷ್ಟೇ. ‘8’ ಅನ್ನುವ ಆಯ್ಕೆ ಕೊಟ್ಟರೆ ಲಾಗಿನಲ್ಲೂ ಕನ್ನಡ ಬರುತ್ತದೆ.

ಮೂರನೆಯದು ಮ್ಯಾಕ್. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿ ಇಡುತ್ತದೆ. ‘ಹೋಬಳಿ’ ಅನ್ನುವ ಹೆಸರಲ್ಲಿ ಓಕಾರ ನಾವು ಟೈಪ್ ಮಾಡಿದಾಗ ಒಂದೇ ಸಂಕೇತ. ಆ ಡಿಸ್ಕಿನಲ್ಲಿ ಅದು ಮೂರು ಸಂಕೇತವಾಗುತ್ತದೆ. ಅಲ್ಲಿಂದ ಲಿನಕ್ಸಿಗೆ ಕಳಿಸಿದರೆ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ‘ಹೋಬಳಿ’ಗಳು ಅಕ್ಕಪಕ್ಕ ಕೂರುತ್ತವೆ. ಹೊಸ ಆರ್‌ಸಿಂಕಿನಲ್ಲಿ ‘ಐಕಾನ್ವ್’ ಆಯ್ಕೆಯಿಂದ ಇದನ್ನು ತಪ್ಪಿಸಬಹುದು. ಮ್ಯಾಕಿನ ಜೊತೆ ಬರುವುದನ್ನು ನಂಬಿ ಕೂರದೆ ಹೋಮ್‌ಬ್ರೂನಿಂದ ಹಾಕಿಕೊಳ್ಳಿ.

ಎಕ್ಸ್‌ಪೆಕ್ಟ್: ಬೇರೆ ದಾರಿಯೇ ಇಲ್ಲದಾಗ

ಕೀ ಒಪ್ಪದ, ಮೆನು ತೋರಿಸಿ ‘1 ಒತ್ತಿ’ ಅನ್ನುವ, ಪ್ರತಿ ಸಲ ಪಾಸ್‌ವರ್ಡನ್ನೇ ಕೇಳುವ ಯಂತ್ರಗಳು ಇನ್ನೂ ಇವೆ. ಅವಕ್ಕೆ ಎಕ್ಸ್‌ಪೆಕ್ಟ್. ಅಮೆರಿಕದ ಎನ್‌ಐಎಸ್‌ಟಿಯಲ್ಲಿದ್ದ ಡಾನ್ ಲೈಬ್ಸ್ ಇದನ್ನು ಟಿಕಲ್ ಭಾಷೆಯ ಮೇಲೆ ಕಟ್ಟಿದರು. ಪಕ್ಕದಲ್ಲಿ ಒಬ್ಬ ಹುಡುಗನನ್ನು ಕೂರಿಸಿ, ‘ಸ್ಕ್ರೀನ್ ಮೇಲೆ ಪಾಸ್‌ವರ್ಡ್ ಅಂತ ಬಂದರೆ ಇದನ್ನು ಹೊಡಿ, ಬಾಣದ ಗುರುತು ಬಂದರೆ ಅದನ್ನು ಹೊಡಿ’ ಅಂತ ಹೇಳಿಕೊಟ್ಟ ಹಾಗೆ ಇದರ ಕೆಲಸ. ಸ್ಪಾನ್, ಎಕ್ಸ್‌ಪೆಕ್ಟ್, ಸೆಂಡ್ ಈ ಮೂರು ಗೊತ್ತಾದರೆ ಸ್ಕ್ರಿಪ್ಟ್ ಬರೆಯಬಹುದು. ಪೈಥಾನ್ ಬಲ್ಲವರಿಗೆ ಪಿಎಕ್ಸ್‌ಪೆಕ್ಟ್ ಇದೆ. ಸ್ವಿಚ್ಚು, ರೂಟರುಗಳ ಕೆಲಸವೇ ಜಾಸ್ತಿ ಇದ್ದರೆ ನೆಟ್‌ಮಿಕೊ ಇನ್ನೂ ಒಳ್ಳೆಯದು. ಬೇರೆ ಬೇರೆ ಕಂಪನಿಯ ಪ್ರಾಂಪ್ಟುಗಳು ಅದಕ್ಕೆ ಮೊದಲೇ ಗೊತ್ತು.

ಇದರ ಅಪಾಯ ನಮ್ಮ ಎರಡನೇ ಪ್ರಶ್ನೆಯಲ್ಲಿದೆ. ಎಕ್ಸ್‌ಪೆಕ್ಟ್ ಸುಮ್ನೆ ಬಿಟ್ಟರೆ 10 ಸೆಕೆಂಡ್ ಕಾಯುತ್ತದೆ. ಕಾದದ್ದು ಬರದಿದ್ದರೆ ತಪ್ಪು ಅಂತ ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ. ಲಾಗಿನ್ನೇ ಆಗಿಲ್ಲ, ಆದರೂ ಕಮಾಂಡುಗಳನ್ನು ಒಂದೊಂದಾಗಿ ಹೊಡೆಯುತ್ತಾ ಹೋಗುತ್ತದೆ. ಫೈಲ್ ಕಳಿಸುವಾಗ ಇನ್ನೊಂದು ರೂಪದಲ್ಲಿ ಕಾಡುತ್ತದೆ. ಸಣ್ಣ ಫೈಲ್ ಚೆನ್ನಾಗಿ ಹೋಗುತ್ತದೆ. 10 ಸೆಕೆಂಡಿಗಿಂತ ಜಾಸ್ತಿ ಹಿಡಿಯುವ ಫೈಲ್ ಅರ್ಧಕ್ಕೆ ಸಾಯುತ್ತದೆ. ಎಕ್ಸ್‌ಪೆಕ್ಟ್ ಮುಗಿದು ಹೊರಟಾಗ ಅದರ ಕೆಳಗೆ ಓಡುತ್ತಿದ್ದ ಎಸ್‌ಸಿಪಿಯೂ ನಿಲ್ಲುವುದೇ ಕಾರಣ. ಪರೀಕ್ಷೆಯಲ್ಲಿ ಪಾಸಾಗಿ ನಿಜವಾದ ಕೆಲಸದಲ್ಲಿ ಬೀಳುವ ಸ್ಕ್ರಿಪ್ಟುಗಳು ಇವೇ. ಆದ್ದರಿಂದ ಪ್ರತಿ ಎಕ್ಸ್‌ಪೆಕ್ಟಿನಲ್ಲೂ ಟೈಮ್‌ಔಟ್ ಬಂದರೆ ಏನು, ಇಒಎಫ್ (ಆ ಕಡೆಯ ಪ್ರೋಗ್ರಾಂ ಮುಗಿದ ಸೂಚನೆ) ಬಂದರೆ ಏನು ಅಂತ ಬರೆಯಲೇಬೇಕು. ಕೊನೆಗೆ ವೇಟ್ ಮಾಡಿ ಒಳಗಿನ ಪ್ರೋಗ್ರಾಂನ ಎಕ್ಸಿಟ್ ಕೋಡನ್ನು ಎತ್ತಿಕೊಂಡು ಅದನ್ನೇ ಹೊರಗೆ ಕೊಡಬೇಕು.

ಬರೀ ಪಾಸ್‌ವರ್ಡ್ ಕೊಡುವುದಷ್ಟೇ ಸಮಸ್ಯೆ ಅಂದರೆ ಎಸ್‌ಎಸ್‌ಎಚ್‌ಪಾಸ್ ಸಾಕು. ಆದರೆ ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲಿ ಕೊಟ್ಟರೆ ಆ ಯಂತ್ರದ ಬೇರೆ ಬಳಕೆದಾರರಿಗೆ ಪಿಎಸ್ ಕಮಾಂಡಿನಲ್ಲಿ ಕಾಣಿಸಬಹುದು. ಬೇರೆಯವರು ಓದಲಾಗದ ಒಂದು ಫೈಲಿನಿಂದ ಕೊಡಿ. ಆ ಸರ್ವರ್ ಕೀಯನ್ನು ಒಪ್ಪುತ್ತದಾ ಅಂತ ಇನ್ನೊಂದು ಸಲ ಕೇಳಿ ನೋಡಿ. ಒಪ್ಪುವ ಸರ್ವರಿಗೂ ಅಭ್ಯಾಸಬಲದಿಂದ ಎಕ್ಸ್‌ಪೆಕ್ಟ್ ಬರೆಯುವವರು ಬಹಳ ಜನ.

ಕರ್ಮಿಟ್: ತಂತಿ ಮಾತ್ರ ಇರುವ ಕಡೆ

ನೆಟ್‌ವರ್ಕೇ ಇಲ್ಲ, ಸೀರಿಯಲ್ ಕೇಬಲ್ ಒಂದೇ ಇದೆ. ಇಲ್ಲವೇ ನಾಲ್ಕು ಲಾಗಿನ್ ದಾಟಿ ಹೋದ ಟರ್ಮಿನಲ್ ಪರದೆ ಮಾತ್ರ ಇದೆ. ಇಂಥ ಕಡೆ ಟರ್ಮಿನಲ್ಲಿನ ಒಳಗಿಂದಲೇ ಫೈಲ್ ಸಾಗಿಸಬೇಕು. ಕರ್ಮಿಟ್ ಹುಟ್ಟಿದ್ದೇ ಇದಕ್ಕೆ, 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ದೊಡ್ಡ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಡಿಸ್ಕ್ ಜಾಗ ಕಡಿಮೆ, ಅವರ ಫೈಲುಗಳನ್ನು ಮೈಕ್ರೋ ಕಂಪ್ಯೂಟರಿನ ಫ್ಲಾಪಿಗೆ ಇಳಿಸಿಕೊಳ್ಳಬೇಕಿತ್ತು. ನಡುವಿನ ಟರ್ಮಿನಲ್ ಲೈನುಗಳು ಕಂಟ್ರೋಲ್ ಅಕ್ಷರಗಳನ್ನು ನುಂಗುತ್ತಿದ್ದವು, ಕೆಲವು 7 ಬಿಟ್ ಮಾತ್ರ ದಾಟಿಸುತ್ತಿದ್ದವು. ಹಾಗಾಗಿ ಕರ್ಮಿಟ್ ಎಲ್ಲವನ್ನೂ ಸಾಮಾನ್ಯ ಅಚ್ಚಿನ ಅಕ್ಷರಗಳಾಗಿ ಬದಲಿಸಿ, 94 ಅಕ್ಷರಕ್ಕಿಂತ ಉದ್ದವಿಲ್ಲದ ಪ್ಯಾಕೆಟ್ಟುಗಳಲ್ಲಿ, ಪ್ರತಿಯೊಂದಕ್ಕೂ ಚೆಕ್‌ಸಮ್ ಇಟ್ಟು ಕಳಿಸಿತು. ಆಮೇಲೆ ಉದ್ದ ಪ್ಯಾಕೆಟ್, ಸ್ಲೈಡಿಂಗ್ ವಿಂಡೋ ಬಂದು ವೇಗವೂ ಸುಧಾರಿಸಿತು.

ಸಿ-ಕರ್ಮಿಟ್‌ನೊಳಗೆ ಒಂದು ಪೂರ್ತಿ ಸ್ಕ್ರಿಪ್ಟ್ ಭಾಷೆಯೇ ಇದೆ. ಇನ್‌ಪುಟ್ ಕಮಾಂಡಿಗೆ ಇಷ್ಟು ಸೆಕೆಂಡು ಇಂಥ ಪದಕ್ಕೆ ಕಾಯಿ ಅನ್ನಬಹುದು, ಬರದಿದ್ದರೆ ‘ಇಫ್ ಫೇಲ್’ ಅಂತ ಹಿಡಿಯಬಹುದು. ಎಕ್ಸ್‌ಪೆಕ್ಟ್ ಮಾಡುವ ಮಾತುಕತೆ, ಫೈಲ್ ಸಾಗಣೆ ಎರಡೂ ಒಂದೇ ಪ್ರೋಗ್ರಾಂನಲ್ಲಿ. ಸೆಂಡ್ ಜೊತೆ ‘ಡಿಲೀಟ್’ ಅಂತ ಕೊಟ್ಟರೆ ಪೂರ್ತಿ ಹೋದ ಮೇಲಷ್ಟೇ ಮೂಲವನ್ನು ಅಳಿಸುತ್ತದೆ. 2011ರಿಂದ ಇದು ಮುಕ್ತ ತಂತ್ರಾಂಶ.

ಇವತ್ತೂ ಇದು ಬೇಕಾಗುವ ಜಾಗ ಎಂಬೆಡೆಡ್ ಬೋರ್ಡುಗಳು. ಬೋರ್ಡನ್ನು ಶುರು ಮಾಡುವ ಯು-ಬೂಟ್‌ ಪ್ರೋಗ್ರಾಂನಲ್ಲಿ ‘ಲೋಡ್‌ಬಿ’ ಅಂತ ಹೊಡೆದರೆ ಅದು ಕರ್ಮಿಟ್‌ಗಾಗಿಯೇ ಕಾಯುತ್ತದೆ. ವೇಗದ ಅಂದಾಜು ಮೊದಲೇ ಇರಲಿ. 115200 ಬಾಡ್‌ನಲ್ಲಿ ಒಂದು ಬೈಟಿಗೆ ಶುರು, ಕೊನೆಯ ಬಿಟ್ ಸೇರಿ 10 ಬಿಟ್. ಸೆಕೆಂಡಿಗೆ 11,520 ಬೈಟ್. 10 ಎಂಬಿ ಕಳಿಸಲು ಕಡಿಮೆ ಅಂದರೂ 15 ನಿಮಿಷ. ಒಂದು ಕರ್ನಲ್ಲಿಗೆ ಸರಿ, ಪೂರ್ತಿ ಫೈಲ್ ಸಿಸ್ಟಮಿಗೆ ಕಷ್ಟ. ಬೋರ್ಡಿನಲ್ಲಿ ಈಥರ್ನೆಟ್ ಇದ್ದರೆ ನೆಟ್‌ವರ್ಕ್ ಮೇಲೆ ಫೈಲ್ ತರುವ ಟಿಎಫ್‌ಟಿಪಿಗೆ ಹೋಗಿ. ಆ ಕಡೆ ಕರ್ಮಿಟ್ ಹಾಕುವ ಹಾಗೂ ಇಲ್ಲ ಅಂದರೆ ಬೇಸ್64 ಮಾಡಿ ಪರದೆಗೇ ಅಂಟಿಸುವ ದಾರಿ ಇದೆ. ಗಾತ್ರ ಮೂರನೇ ಒಂದು ಪಾಲು ಜಾಸ್ತಿಯಾಗುತ್ತದೆ, ಕಳೆದುಹೋದ ಅಕ್ಷರಕ್ಕೆ ಯಾರೂ ಹೊಣೆ ಇಲ್ಲ. ಎರಡೂ ಕಡೆ ಚೆಕ್‌ಸಮ್ ತಾಳೆ ನೋಡದೆ ಬಳಸಬೇಡಿ.

ವಿಂಡೋಸ್, ಕ್ಲೌಡ್

ವಿಂಡೋಸಿನಿಂದ ಕಳಿಸುವವರಿಗೆ ವಿನ್‌ಎಸ್‌ಸಿಪಿಯ ಸ್ಕ್ರಿಪ್ಟಿಂಗ್ ಒಳ್ಳೆಯದು. 100 ಕೆಬಿ ಮೀರಿದ ಫೈಲನ್ನು ತಾನಾಗಿ ‘ಫೈಲ್‌ಪಾರ್ಟ್’ ಅನ್ನುವ ತಾತ್ಕಾಲಿಕ ಹೆಸರಲ್ಲಿ ಕಳಿಸುತ್ತದೆ. 2018ರಿಂದ ವಿಂಡೋಸ್ 10ರಲ್ಲಿ ಎಸ್‌ಎಸ್‌ಎಚ್, ಎಸ್‌ಎಫ್‌ಟಿಪಿ ಕಮಾಂಡುಗಳೂ ಜೊತೆಗೇ ಬರುತ್ತವೆ. ಹಾಗಾಗಿ ಮೇಲೆ ಹೇಳಿದ ಬ್ಯಾಚ್ ಅಲ್ಲೂ ಓಡುತ್ತದೆ. ಒಂದು ತುದಿ ಕ್ಲೌಡ್ ಸ್ಟೋರೇಜ್ ಆಗಿದ್ದರೆ ಆರ್‌ಕ್ಲೋನ್ ನೋಡಿ.

ಕ್ರಾನಿಗೆ ಹಾಕುವ ಮುಂಚೆ

ಸ್ಕ್ರಿಪ್ಟ್ ಸರಿಯಾಗಿ ಓಡಿತು ಅಂದರೆ ಅರ್ಧ ಪರೀಕ್ಷೆ ಮುಗಿಯಿತು. ಇನ್ನರ್ಧ ಕೆಡಿಸಿ ನೋಡುವುದು. ದೊಡ್ಡ ಫೈಲ್ ಹೋಗುತ್ತಿರುವಾಗ ಕೇಬಲ್ ಕೀಳಿ. ಆ ಕಡೆ ಏನು ಉಳಿಯಿತು ನೋಡಿ, ಎಕ್ಸಿಟ್ ಕೋಡ್ ನೋಡಿ, ಮತ್ತೆ ಓಡಿಸಿ ನೋಡಿ. ಪುಟ್ಟ ಪಾರ್ಟಿಶನ್ ಮಾಡಿ ಅದು ತುಂಬುವ ಹಾಗೆ ಕಳಿಸಿ. ಕೀ ಫೈಲಿನ ಹೆಸರು ಬದಲಿಸಿ, ಸ್ಕ್ರಿಪ್ಟ್ ತಕ್ಷಣ ಸೋಲುತ್ತದಾ ಇಲ್ಲಾ ನೇತಾಡುತ್ತದಾ ನೋಡಿ. ನಿನ್ನೆಯ ಓಟ ಮುಗಿಯುವ ಮುಂಚೆ ಇವತ್ತಿನದು ಶುರುವಾದರೆ ಏನಾಗುತ್ತದೆ ಅಂತಲೂ ನೋಡಿ. ಒಂದೇ ಹೊತ್ತಿಗೆ ಒಂದೇ ಓಟ ಅಂತ ಬೀಗ ಹಾಕುವ ಎಫ್‌ಲಾಕ್ ಅನ್ನು ಸಣ್ಣ ‘ಎನ್’ ಆಯ್ಕೆಯ ಜೊತೆ ಹಾಕಿದರೆ ಎರಡನೆಯದು ಕಾಯದೆ ಹಿಂದೆ ಸರಿಯುತ್ತದೆ. ಕ್ರಾನಿನ ಪಾಥ್ ತುಂಬಾ ಚಿಕ್ಕದು, ಹಾಗಾಗಿ ಪ್ರೋಗ್ರಾಮುಗಳ ಪೂರ್ತಿ ದಾರಿ ಬರೆಯಿರಿ.

ಇಷ್ಟೆಲ್ಲ ಆದರೂ ಕಳಿಸುವ ಯಂತ್ರವೇ ಆಫ್ ಆಗಿದ್ದರೆ ಯಾವ ಎಕ್ಸಿಟ್ ಕೋಡೂ ಬರುವುದಿಲ್ಲ, ಯಾವ ಇಮೇಲೂ ಬರುವುದಿಲ್ಲ. ಅದಕ್ಕೆ ಇನ್ನೊಂದು ಸಣ್ಣ ಸ್ಕ್ರಿಪ್ಟ್ ಪಡೆಯುವ ಕಡೆ ಇರಬೇಕು. ಫೋಲ್ಡರಿನ ಅತಿ ಹೊಸ ಫೈಲ್ 26 ಗಂಟೆಗಿಂತ ಹಳೆಯದಾದರೆ ಅದು ಮೇಲ್ ಕಳಿಸಲಿ. ದಿನಕ್ಕೊಂದು ಸಲ ಬರುವ ಫೈಲಿಗೆ 24 ಇಟ್ಟರೆ ಹತ್ತು ನಿಮಿಷ ತಡವಾದ ದಿನವೂ ಕೂಗುತ್ತದೆ, ಎರಡು ಗಂಟೆ ಸಡಿಲ ಬಿಡಿ.